ನಟ ನಟಿಯರ ಬಗ್ಗೆ ಬರುವ ಗಾಸಿಪ್ ನಂಬಬಹುದಾ? ಪರೀಕ್ಷಿಸುವುದು ಹೇಗೆ?

ಮಲ್ಲಿಗೆಹಂಬು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಿನಿಮಾ ಮಂದಿಯ ಬಗ್ಗೆ ವಾಟ್ಸಾಪ್, ಯೂಟ್ಯೂಬ್, ರೀಲ್ಸ್‌ನಲ್ಲಿ ದಿನಾ ಹರಿದು ಬರುವ ಸುದ್ದಿಗಳಲ್ಲಿ ನಾಲ್ಕು ಥರದವು ಹೆಚ್ಚು. ಯಾರೋ ತೀರಿಕೊಂಡರಂತೆ, ಯಾರದೋ ಸಂಸಾರ ಮುರಿಯಿತಂತೆ, ಯಾರನ್ನೋ ಸಿನಿಮಾದಿಂದ ಕೈಬಿಟ್ಟರಂತೆ, ಯಾರದೋ ವಿಡಿಯೊ ಹೊರಬಿತ್ತಂತೆ. ಎಲ್ಲವೂ ಸುಳ್ಳು ಅಂತ ಪಕ್ಕಕ್ಕೆ ತಳ್ಳೋಣ ಅಂದರೆ ನಾಲ್ಕು ತಿಂಗಳಾದ ಮೇಲೆ ಒಂದೊಂದು ನಿಜವಾಗಿಬಿಡುತ್ತದೆ. ನಂಬೋಣ ಅಂದರೆ ಬದುಕಿರುವವರ ಫೋಟೊಗೆ ಹಾರ ಹಾಕಿ ಹಂಚಿದ ಪಾಪ ಸುತ್ತಿಕೊಳ್ಳುತ್ತದೆ.

ಒಳಹೊರಗು ಬಲ್ಲವರು ದಯವಿಟ್ಟು ವಿವರವಾಗಿ ಹೇಳಿ. ಕೈಯಲ್ಲಿ ಬರೀ ಫೋನ್ ಇಟ್ಟುಕೊಂಡು ಹತ್ತು ನಿಮಿಷದಲ್ಲಿ ಏನೇನು ನೋಡಬಹುದು? ಹಿಂದಿನ ಟ್ಯಾಬ್ಲಾಯ್ಡ್ ವಾರಪತ್ರಿಕೆಗಳಿಗಿಂತ ಈಗಿನ ಪೋರ್ಟಲ್‌ಗಳು ಮೇಲೋ ಕೆಳಗೋ? ಫಾರ್ವರ್ಡ್ ಮಾಡಿದವರಿಗೆ ಕಾನೂನಿನ ತೊಂದರೆ ಉಂಟಾ?

---

ರಾತ್ರಿಪಾಳಿ_ಡೆಸ್ಕ್ ಉತ್ತರ:

ಮೇಡಂ, ಒಳ್ಳೆ ಪ್ರಶ್ನೆ. ಯಾವ ಪತ್ರಿಕೆ, ಯಾವ ಚಾನೆಲ್ ಅನ್ನುವುದನ್ನು ಆಮೇಲೆ ನೋಡೋಣ. ಈ ವಿಷಯ ಯಾರಿಗೆ ಗೊತ್ತಿರಲು ಸಾಧ್ಯ, ಅವರು ಬಾಯಿ ಬಿಟ್ಟಿದ್ದಾರಾ, ಎಲ್ಲಿ ಬಿಟ್ಟಿದ್ದಾರೆ? ಇಷ್ಟು ಕೇಳಿಕೊಂಡರೆ ಅರ್ಧ ಗಾಸಿಪ್ ಅಲ್ಲೇ ಉದುರುತ್ತದೆ.

ಕನ್ನಡದಲ್ಲಿ ಇದನ್ನು ಹಿಡಿಯುವುದು ಸುಲಭ, ಯಾಕೆಂದರೆ ಗುಟ್ಟು ವಾಕ್ಯದ ಬಾಲದಲ್ಲೇ ಇರುತ್ತದೆ. ಎನ್ನಲಾಗಿದೆ, ಹೇಳಲಾಗುತ್ತಿದೆ, ತಿಳಿದುಬಂದಿದೆ, ಎಂಬ ಮಾತು ಗಾಂಧಿನಗರದಲ್ಲಿ ಹರಿದಾಡುತ್ತಿದೆ. ಇವೆಲ್ಲ ಕರ್ತೃವನ್ನು ನುಂಗಿಹಾಕಿದ ವಾಕ್ಯಗಳು. ಆಡುಮಾತಿನಲ್ಲಿ ನಾವು "ಅಂತೆ" ಹಚ್ಚುತ್ತೇವಲ್ಲ, ಅದಕ್ಕೆ ಬರಹದ ಉಡುಪು ತೊಡಿಸಿದರೆ "ಎನ್ನಲಾಗಿದೆ" ಆಗುತ್ತದೆ. ಸುದ್ದಿಯ ಮೊದಲ ಎರಡು ಪ್ಯಾರಾ ಓದಿ, ಪ್ರತಿ ವಾಕ್ಯದ ಕೊನೆಯಲ್ಲೂ "ಯಾರು ಅಂದಿದ್ದು?" ಅಂತ ಕೇಳಿ. ಉದಾಹರಣೆಗೆ ಇಂಥದೊಂದು ಸುದ್ದಿ ಅಂದುಕೊಳ್ಳಿ:

"ಖ್ಯಾತ ನಟಿಯೊಬ್ಬರು ನಿರ್ಮಾಪಕರ ಮೇಲೆ ಮುನಿಸಿಕೊಂಡು ಸೆಟ್‌ನಿಂದ ಹೊರನಡೆದಿದ್ದಾರೆ ಎನ್ನಲಾಗಿದೆ. ಸಂಭಾವನೆ ಬಾಕಿಯೇ ಇದಕ್ಕೆ ಕಾರಣವಂತೆ. ಈ ಬಗ್ಗೆ ಚಿತ್ರತಂಡ ಅಧಿಕೃತವಾಗಿ ಏನನ್ನೂ ಹೇಳಿಲ್ಲ."

ಸೆಟ್ ಎಲ್ಲಿ, ಯಾವತ್ತು, ಯಾರು ನೋಡಿದರು? ಒಂದಕ್ಕೂ ಉತ್ತರ ಇಲ್ಲ. ಮುಖ್ಯವಾಗಿ ಮೂರನೇ ವಾಕ್ಯ ನೋಡಿ. "ಚಿತ್ರತಂಡ ಏನನ್ನೂ ಹೇಳಿಲ್ಲ" ಅಂದರೆ ಬಹಳ ಸಲ ಯಾರೂ ಚಿತ್ರತಂಡವನ್ನು ಕೇಳಿಯೇ ಇಲ್ಲ ಅಂತ ಅರ್ಥ. ಕೇಳಿದ ವರದಿಗಾರ "ನಿರ್ಮಾಪಕರಿಗೆ ಕರೆ ಮಾಡಿದಾಗ ಪ್ರತಿಕ್ರಿಯೆ ಸಿಗಲಿಲ್ಲ" ಅಥವಾ "ಮ್ಯಾನೇಜರ್ ಇದನ್ನು ಅಲ್ಲಗಳೆದರು" ಅಂತ ಬರೆಯುತ್ತಾನೆ. ಎರಡರ ಬೆಲೆಗೂ ಅಜಗಜಾಂತರ.

ಇನ್ನು "ಆಪ್ತ ಮೂಲಗಳ ಪ್ರಕಾರ". ಮೂಲದ ಹೆಸರು ಮುಚ್ಚಿಡುವುದೇ ತಪ್ಪಲ್ಲ, ನಿಜವಾದ ವರದಿಗಾರಿಕೆಯಲ್ಲೂ ಅದು ಇದೆ. ಆದರೆ ಅಲ್ಲಿ ಮೇಲೆ ವರದಿಗಾರನ ಹೆಸರಿರುತ್ತದೆ, ಮೂಲ ಯಾರೆಂದು ಸಂಪಾದಕನಿಗೆ ಗೊತ್ತಿರುತ್ತದೆ, ನಾಳೆ ನೋಟಿಸ್ ಬಂದರೆ ಉತ್ತರಿಸಲು ಒಬ್ಬರಿರುತ್ತಾರೆ. ಹೆಸರಿನ ಜಾಗದಲ್ಲಿ "ವೆಬ್ ಡೆಸ್ಕ್" ಅಂತ ಇದ್ದರೆ ಅದು ಬಹುಮಟ್ಟಿಗೆ ಇನ್ನೊಂದು ಸೈಟ್ ನೋಡಿ ತಿರುಗಿ ಬರೆದದ್ದು. ಹತ್ತು ಪೋರ್ಟಲ್‌ನಲ್ಲಿ ಬಂದಿದೆ ಅಂತ ಹತ್ತು ಸಾಕ್ಷಿ ಅಂದುಕೊಳ್ಳಬೇಡಿ. ಪ್ರತಿಯೊಂದರಲ್ಲೂ ಪ್ರಕಟವಾದ ಗಂಟೆ ನೋಡಿಕೊಂಡು ಹಿಂದಕ್ಕೆ ಹೋದರೆ ಒಂದೇ ಇನ್‌ಸ್ಟಾಗ್ರಾಂ ಪೇಜಿಗೋ ಒಂದೇ ಟ್ವೀಟಿಗೋ ಬಂದು ನಿಲ್ಲುತ್ತೀರಿ. ಆಗ ಅದು ಒಂದೇ ಸಾಕ್ಷಿ.

ಈಗ ಸಾವಿನ ಸುದ್ದಿ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಆಗುವ ಗಾಯ ಮಾಯುವುದಿಲ್ಲ.

2021ರ ಜೂನ್ 12ರ ರಾತ್ರಿ ನಟ ಸಂಚಾರಿ ವಿಜಯ್ ಅವರಿಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಬೈಕ್ ಅಪಘಾತವಾಯಿತು. ಜೂನ್ 14ರಂದು ಮೆದುಳು ನಿಷ್ಕ್ರಿಯವಾಗಿದೆ, ಅಂಗಾಂಗ ದಾನಕ್ಕೆ ಕುಟುಂಬ ಒಪ್ಪಿದೆ ಎಂಬ ಮಾಹಿತಿ ಹೊರಬಂತು. ಅಷ್ಟೇ ಸಾಕಾಯಿತು, "ವಿಜಯ್ ಇನ್ನಿಲ್ಲ" ಎಂದು ಸುದ್ದಿ ಓಡಿತು. ದೊಡ್ಡ ದೊಡ್ಡವರೇ ಸಂತಾಪ ಸೂಚಿಸಿಬಿಟ್ಟರು. ಆಸ್ಪತ್ರೆಯವರು ಅವರಿನ್ನೂ ಜೀವರಕ್ಷಕ ವ್ಯವಸ್ಥೆಯಲ್ಲಿದ್ದಾರೆ ಎಂದು ಸ್ಪಷ್ಟನೆ ಕೊಡಬೇಕಾಯಿತು. ಸಾವು ಅಧಿಕೃತವಾಗಿ ಪ್ರಕಟವಾದದ್ದು ಜೂನ್ 15ರಂದು.

ತಪ್ಪು ಎಲ್ಲಿ ಆಯಿತು ನೋಡಿ. ಯಾರೂ ಕಥೆ ಕಟ್ಟಲಿಲ್ಲ. "ಮೆದುಳು ನಿಷ್ಕ್ರಿಯ" ಎಂಬ ವೈದ್ಯಕೀಯ ಮಾತನ್ನು "ತೀರಿಕೊಂಡರು" ಎಂದು ಅವಸರದಲ್ಲಿ ಅನುವಾದ ಮಾಡಿದರು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮೆದುಳುಕಾಂಡದ ಸಾವನ್ನು ನಾಲ್ವರು ವೈದ್ಯರ ಮಂಡಳಿ ದೃಢೀಕರಿಸಬೇಕು. ಪರೀಕ್ಷೆ ಎರಡು ಸಲ ಆಗಬೇಕು, ನಡುವೆ ಕನಿಷ್ಠ 6 ಗಂಟೆ ಅಂತರ ಇರಬೇಕು. ವೆಂಟಿಲೇಟರ್‌ನಿಂದ ತಾತ್ಕಾಲಿಕವಾಗಿ ಬಿಡಿಸಿ, ರೋಗಿ ತಾನಾಗಿ ಉಸಿರೆಳೆಯುತ್ತಾರಾ ಎಂದು ನೋಡುವ ಆಪ್ನಿಯಾ ಪರೀಕ್ಷೆಯೂ ಇದರಲ್ಲೇ ಬರುತ್ತದೆ. ಆ ಗಂಟೆಗಳ ತನಕ ಮನೆಯವರು ಐಸಿಯು ಬಾಗಿಲಲ್ಲಿ ನಿಂತಿರುತ್ತಾರೆ, ಅವರ ಫೋನಿಗೆ "ಓಂ ಶಾಂತಿ" ಬರುತ್ತಿರುತ್ತದೆ. ಹಾಗಾಗಿ "ಮೆದುಳು ನಿಷ್ಕ್ರಿಯ", "ಸ್ಥಿತಿ ಚಿಂತಾಜನಕ", "ವೆಂಟಿಲೇಟರ್‌ನಲ್ಲಿ" ಎಂಬ ಪದಗಳು ಕಂಡರೆ ಅವನ್ನು ಅಷ್ಟಕ್ಕೇ ಓದಿ. ಸಾವು ಎಂದು ಬಿಡಿಸಿ ಓದುವ ಹಕ್ಕು ನಮಗಿಲ್ಲ.

ಇದೇ ಅವಸರ 2025ರ ನವೆಂಬರ್‌ನಲ್ಲಿ ಹಿಂದಿ ನಟ ಧರ್ಮೇಂದ್ರ ಅವರ ವಿಷಯದಲ್ಲೂ ಆಯಿತು. ನವೆಂಬರ್ 11ರಂದು ಅವರು ತೀರಿಕೊಂಡರು ಎಂದು ಹೆಸರಾಂತ ಸಂಸ್ಥೆಗಳೇ ಪ್ರಕಟಿಸಿದವು, ಹೇಮಾ ಮಾಲಿನಿ ಮತ್ತು ಇಶಾ ಡಿಯೋಲ್ ಅದು ಸುಳ್ಳು ಎಂದು ಹೇಳಬೇಕಾಯಿತು. ಮರುದಿನ ಅವರು ಆಸ್ಪತ್ರೆಯಿಂದ ಮನೆಗೆ ಬಂದರು. ನಿಧನರಾದದ್ದು ನವೆಂಬರ್ 24ರಂದು. ಅಂದರೆ ದೊಡ್ಡ ಸಂಸ್ಥೆ ಎಂಬುದೊಂದೇ ಭರವಸೆ ಅಲ್ಲ.

ನಿಜವಾದ ನಿಧನ ವಾರ್ತೆಗೆ ಬೇಗ ಕೈಕಾಲು ಮೂಡುತ್ತವೆ: ಆಸ್ಪತ್ರೆಯ ಹೆಸರು, ಗಂಟೆ, ಬುಲೆಟಿನ್‌ಗೆ ಸಹಿ ಹಾಕಿದ ವೈದ್ಯರು, ಪಾರ್ಥಿವ ಶರೀರ ಎಲ್ಲಿ ಇಡುತ್ತಾರೆ, ಅಂತಿಮ ದರ್ಶನ ಎಷ್ಟು ಹೊತ್ತಿಗೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರನ್ನು ಕಳೆದುಕೊಂಡ ದಿನ ನೆನಪಿಸಿಕೊಳ್ಳಿ. ವಿಕ್ರಂ ಆಸ್ಪತ್ರೆ, ವೈದ್ಯರ ಹೇಳಿಕೆ, ಕಂಠೀರವ ಕ್ರೀಡಾಂಗಣ, ಎಲ್ಲವೂ ಆ ದಿನವೇ ಬಂದವು. ಸುಳ್ಳು ಸಾವಿಗೆ ಊರಿರುವುದಿಲ್ಲ, ಆಸ್ಪತ್ರೆ ಇರುವುದಿಲ್ಲ, "ಹೃದಯಾಘಾತ" ಒಂದೇ ಇರುತ್ತದೆ. 2023ರ ಸೆಪ್ಟೆಂಬರ್ 6ರಂದು ದಿವ್ಯಾ ಸ್ಪಂದನ, ಅಂದರೆ ನಮ್ಮ ರಮ್ಯಾ, ಹೃದಯಾಘಾತದಿಂದ ತೀರಿಕೊಂಡರು ಎಂದು ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಹರಡಿತು. ಅವರು ಆಗ ಜಿನೀವಾದಲ್ಲಿ ಆರಾಮಾಗಿದ್ದರು. ಪತ್ರಕರ್ತೆ ಚಿತ್ರಾ ಸುಬ್ರಮಣ್ಯಂ "ಈಗಷ್ಟೇ ಮಾತಾಡಿದೆ" ಎಂದು ಬರೆದ ಮೇಲೆ ಗಾಳಿ ಇಳಿಯಿತು. ಮಾತಾಡಿದವರು ಯಾರು, ಯಾವಾಗ ಮಾತಾಡಿದ್ದು ಎರಡೂ ಆ ಒಂದೇ ಸಾಲಿನಲ್ಲಿತ್ತು. ಸಾಕ್ಷಿ ಅಂದರೆ ಹಾಗಿರಬೇಕು.

---

ಪಿಕ್ಸೆಲ್_ಶೋಧ ಉತ್ತರ:

ಮೇಲಿನವರು ಬರಹದ ಪರೀಕ್ಷೆ ಹೇಳಿದ್ದಾರೆ, ನಾನು ಫೋಟೊ, ವಿಡಿಯೊ, ಖಾತೆಗಳದ್ದು ಹೇಳುತ್ತೇನೆ.

ಯೂಟ್ಯೂಬ್‌ನಿಂದ ಶುರು ಮಾಡೋಣ. ಗಾಸಿಪ್ ವಿಡಿಯೊಗಳ ಉದ್ದ ಗಮನಿಸಿ, 8 ನಿಮಿಷ ದಾಟಿ ಸ್ವಲ್ಪಕ್ಕೇ ನಿಲ್ಲುವವು ಬಹಳ. ಕಾರಣ ಇದೆ. 8 ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೊ ನಡುವೆ ಮಾತ್ರ ಜಾಹೀರಾತು ತೂರಿಸಲು ಯೂಟ್ಯೂಬ್ ಬಿಡುತ್ತದೆ. 2020ರ ಜುಲೈಗೆ ಮುಂಚೆ ಈ ಗಡಿ 10 ನಿಮಿಷ ಇತ್ತು. ಅರ್ಧ ನಿಮಿಷದ ವಿಷಯವನ್ನು ಎಂಟು ನಿಮಿಷಕ್ಕೆ ಎಳೆಯಲು ಪೀಠಿಕೆ, ಬಾಲ್ಯ, ಹಳೆಯ ಸಿನಿಮಾಗಳ ಪಟ್ಟಿ ಎಲ್ಲ ಬರುತ್ತದೆ, ನಟಿಯ ಹೆಸರು ಆರನೇ ನಿಮಿಷಕ್ಕೆ ಬರುತ್ತದೆ. ಸುಮ್ಮನೆ ಕೂತು ನೋಡಬೇಡಿ. ವಿವರಣೆ ಪೆಟ್ಟಿಗೆ ತೆಗೆದು "ಟ್ರಾನ್ಸ್‌ಕ್ರಿಪ್ಟ್" ಸಿಕ್ಕಿದರೆ ಅದರಲ್ಲಿ ಹೆಸರು ಹುಡುಕಿ, ಸಿಗದಿದ್ದರೆ ಕೊನೆಯ ಎರಡು ನಿಮಿಷಕ್ಕೆ ನೇರ ಹೋಗಿ. ಥಂಬ್‌ನೇಲ್‌ನಲ್ಲಿ ಹಾರ ಹಾಕಿದ ಫೋಟೊ, ಅಳುವ ಮುಖ, ಕೆಂಪು ವೃತ್ತ ಇದ್ದು, ಒಳಗೆ ನಿರೂಪಕರು "ಇದು ಎಷ್ಟರಮಟ್ಟಿಗೆ ನಿಜವೋ ಗೊತ್ತಿಲ್ಲ" ಅಂದರೆ ಆ ವಿಡಿಯೊ ಮಾಡಿದವರಿಗೇ ಅದರಲ್ಲಿ ನಂಬಿಕೆ ಇಲ್ಲ.

ಫೋಟೊ ಪರೀಕ್ಷೆ: ಸ್ಕ್ರೀನ್‌ಶಾಟ್ ತೆಗೆಯಿರಿ, ಸುತ್ತಲಿನ ಬರಹ, ಲೋಗೊ, ಬಾರ್ಡರ್ ಎಲ್ಲ ಕತ್ತರಿಸಿ ಬರೀ ಚಿತ್ರ ಉಳಿಸಿ, ಗೂಗಲ್ ಲೆನ್ಸ್‌ಗೆ ಕೊಡಿ. ಕತ್ತರಿಸದೆ ಕೊಟ್ಟರೆ ಅದೇ ಗಾಸಿಪ್ ಪೇಜಿನ ಇತರ ಪೋಸ್ಟ್‌ಗಳೇ ಸಿಗುತ್ತವೆ, ಬಹಳ ಜನ ಎಡವುವುದು ಇಲ್ಲೇ. "ಗುಟ್ಟಾಗಿ ಮದುವೆ" ಎಂಬ ಫೋಟೊಗಳಲ್ಲಿ ಎಷ್ಟೋ ಸಿನಿಮಾ ಶೂಟಿಂಗ್‌ದೋ ಆಭರಣದ ಜಾಹೀರಾತಿನದೋ ಆಗಿರುತ್ತವೆ. ಹಳೆಯ ದಿನಾಂಕದ ಒಂದು ಪುಟ ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ವಿಡಿಯೊ ಆದರೆ ಮುಖ ಸ್ಪಷ್ಟವಾಗಿ ಕಾಣುವ ಮೂರ್ನಾಲ್ಕು ಕಡೆ ನಿಲ್ಲಿಸಿ ಒಂದೊಂದನ್ನೂ ಹೀಗೇ ಹುಡುಕಿ. ಕಂಪ್ಯೂಟರ್ ಇದ್ದರೆ ಇನ್‌ವಿಡ್ ಎಂಬ ಉಚಿತ ಉಪಕರಣ ಈ ಚೌಕಟ್ಟುಗಳನ್ನು ತಾನೇ ಬಿಡಿಸಿ ಕೊಡುತ್ತದೆ.

ಡೀಪ್‌ಫೇಕ್ ಬಗ್ಗೆ, ಅಂದರೆ ಎಐ ಬಳಸಿ ಒಬ್ಬರ ಮುಖವನ್ನೋ ದನಿಯನ್ನೋ ಇನ್ನೊಬ್ಬರದಕ್ಕೆ ಅಂಟಿಸಿದ ನಕಲಿ. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರದೆಂದು ಲಿಫ್ಟ್ ಒಳಗೆ ಬರುವ ವಿಡಿಯೊ ಹರಿದಾಡಿತಲ್ಲ, ಅದು ಬೇರೊಬ್ಬ ಮಹಿಳೆಯ ವಿಡಿಯೊಗೆ ರಶ್ಮಿಕಾ ಮುಖ ಅಂಟಿಸಿದ್ದು. ನಿಧಾನಕ್ಕೆ ಓಡಿಸಿದರೆ ಲಿಫ್ಟ್ ಬಾಗಿಲಲ್ಲಿ, ಮೊದಲ ಸೆಕೆಂಡಿನಲ್ಲಿ, ಮೂಲ ಮಹಿಳೆಯ ಮುಖವೇ ಇದೆ. ಒಳಗೆ ಕಾಲಿಟ್ಟ ಮೇಲೆ ರಶ್ಮಿಕಾ ಮುಖವಾಗುತ್ತದೆ. ಮುಖ ಪಕ್ಕಕ್ಕೆ ತಿರುಗಿದಾಗ, ಕೈಯೋ ಬಾಗಿಲೋ ಮುಖದ ಮುಂದೆ ಹಾದಾಗ, ಚೌಕಟ್ಟಿನೊಳಗೆ ಬರುವ ಮತ್ತು ಹೋಗುವ ಕ್ಷಣಗಳಲ್ಲಿ ನೋಡಿ, ಅಂಟು ಬಿಡುವುದು ಅಲ್ಲೇ. ಕೂದಲ ಅಂಚು, ಕಿವಿಯೋಲೆ, ಹಲ್ಲಿನ ಸಾಲುಗಳನ್ನೂ ನೋಡಿ. ಈಚಿನ ಉಪಕರಣಗಳಲ್ಲಿ ಈ ಗುರುತುಗಳು ಕಡಿಮೆಯಾಗುತ್ತಿವೆ. ಆದ್ದರಿಂದ ಕಣ್ಣಿಗಿಂತ ಮೂಲ ವಿಡಿಯೊ ಹುಡುಕುವುದೇ ಗಟ್ಟಿ ದಾರಿ. ದೆಹಲಿ ಪೊಲೀಸರು 2024ರ ಜನವರಿಯಲ್ಲಿ ಆ ವಿಡಿಯೊ ಮಾಡಿದವನನ್ನು ಆಂಧ್ರದಲ್ಲಿ ಹಿಡಿದರು.

ಖಾತೆ ಅಸಲಿಯೋ ನಕಲಿಯೋ ಎಂಬುದಕ್ಕೆ ನೀಲಿ ಟಿಕ್ ಈಗ ಪ್ರಮಾಣ ಅಲ್ಲ. ಎಕ್ಸ್‌ನಲ್ಲಿ 2023ರ ಏಪ್ರಿಲ್‌ನಿಂದ ಹಳೆಯ ಟಿಕ್‌ಗಳು ಹೋದವು, ಈಗ ತಿಂಗಳ ಹಣ ಕಟ್ಟಿದವರಿಗೆ ಸಿಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಖಾತೆಯ ಮೂರು ಚುಕ್ಕಿ ಒತ್ತಿ "ಅಬೌಟ್ ದಿಸ್ ಅಕೌಂಟ್" ತೆಗೆಯಿರಿ. ಯಾವ ತಿಂಗಳು ಶುರುವಾದ ಖಾತೆ, ಎಷ್ಟು ಸಲ ಹೆಸರು ಬದಲಾಗಿದೆ ಅಂತ ಬಹಳ ಸಲ ಅಲ್ಲೇ ಸಿಗುತ್ತದೆ. ನಟನ "ಅಧಿಕೃತ" ಖಾತೆ ಆರು ಸಲ ಹೆಸರು ಬದಲಿಸಿದ್ದರೆ ಅದು ಅಭಿಮಾನಿ ಪೇಜನ್ನು ಕೊಂಡು ಬಣ್ಣ ಬಳಿದದ್ದು.

ಟ್ವೀಟ್‌ನ ಸ್ಕ್ರೀನ್‌ಶಾಟ್ ನಂಬಲೇಬೇಡಿ. ಅಂಥ ನಕಲು ತಯಾರಿಸಲು ಒಂದು ನಿಮಿಷ ಸಾಕು. ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡಾಗ ಅವರದೆಂದು ನಕಲಿ ಟ್ವೀಟ್‌ಗಳನ್ನು ತೋರಿಸಿದ್ದಕ್ಕೆ ಆಜ್ ತಕ್ ಚಾನೆಲ್‌ಗೆ ಸುದ್ದಿ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆ 2020ರ ಅಕ್ಟೋಬರ್‌ನಲ್ಲಿ 1 ಲಕ್ಷ ರೂಪಾಯಿ ದಂಡ ಹಾಕಿ, ಪರದೆ ಮೇಲೆ ಕ್ಷಮೆ ಕೇಳಲು ಹೇಳಿತು. ಅಷ್ಟು ದೊಡ್ಡ ಸುದ್ದಿಮನೆಯೇ ಎಡವಿದೆ. ಖಾತೆಗೇ ಹೋಗಿ ಆ ಸಾಲು ಇದೆಯಾ ನೋಡಿ. ಅಳಿಸಿದ್ದಾರೆ ಅನ್ನುವ ವಾದ ಬಂದರೆ ಹಳೆಯ ವೆಬ್ ಪುಟಗಳ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಆ ದಿನದ ಪ್ರತಿ ಸಿಗಬಹುದು, ಆ ಟ್ವೀಟಿಗೆ ಬೇರೆಯವರು ಕೊಟ್ಟ ಉತ್ತರಗಳಾದರೂ ಉಳಿದಿರುತ್ತವೆ.

ಇಷ್ಟೆಲ್ಲ ಮಾಡಿಯೂ ಮೋಸ ಹೋಗಬಹುದು ಎಂಬುದಕ್ಕೆ ನಟಿ, ರೂಪದರ್ಶಿ ಪೂನಂ ಪಾಂಡೆ ಪ್ರಕರಣವೇ ಸಾಕ್ಷಿ. 2024ರ ಫೆಬ್ರವರಿ 2ರಂದು ಅವರ ಅಸಲಿ ಇನ್‌ಸ್ಟಾಗ್ರಾಂ ಖಾತೆಯಲ್ಲೇ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರು ಎಂಬ ಪ್ರಕಟಣೆ ಬಂತು. ಮರುದಿನ ಅವರೇ ಬಂದು ಬದುಕಿದ್ದೇನೆ, ಜಾಗೃತಿಗಾಗಿ ಮಾಡಿದ್ದು ಅಂದರು. ಅಂದರೆ ಸಾವಿನಂಥ ವಿಷಯಕ್ಕೆ ಒಂದೇ ಅಧಿಕೃತ ಮೂಲವೂ ಸಾಲದು. ಖಾತೆಯ ಜೊತೆ ಆಸ್ಪತ್ರೆಯೋ ಮನೆಯವರೋ ಪೊಲೀಸರೋ, ಇನ್ನೊಂದು ದಿಕ್ಕಿನಿಂದ ಮಾತು ಬರಬೇಕು. ಆ ದಿನ ಇನ್ನೊಂದು ದಿಕ್ಕಿನಿಂದ ಗಟ್ಟಿ ಮಾತು ಬರಲಿಲ್ಲ, ಕಾದವರು ಮೋಸ ಹೋಗಲಿಲ್ಲ. ಆ ರೋಗದಿಂದ ನಿಜವಾಗಿ ಮನೆಮಂದಿಯನ್ನು ಕಳೆದುಕೊಂಡವರಿಗೆ ಎಷ್ಟು ನೋವಾಗಿರಬೇಕು.

---

ಧಾರವಾಡ_ಪೇಡೆ ಉತ್ತರ:

ನೀವಿಬ್ಬರೂ ಹೇಳಿದ್ದು ಖರೇ ಅದ. ಆದ್ರ ಒಂದು ಮಾತು ಹೇಳ್ತೀನ್ರಿ. ಬೆಂಕಿ ಇಲ್ಲದ ಹೊಗಿ ಆಡೂದಿಲ್ಲ ಅನ್ನೂದೂ ಸುಳ್ಳಲ್ಲ. ತೆಲುಗು ಸಿನಿಮಾದ ಗಂಡ ಹೆಂಡತಿ ನಾಗ ಚೈತನ್ಯ, ಸಮಂತಾ ಬ್ಯಾರೆ ಆಗ್ತಾರ ಅಂತ 2021ರಾಗ ತಿಂಗಳುಗಟ್ಟಲೆ ಗಾಸಿಪ್ ಬಂತು. ಸಮಂತಾ ತಮ್ಮ ಖಾತೆಯೊಳಗ ಅಕ್ಕಿನೇನಿ ಅನ್ನೂ ಗಂಡನ ಮನಿ ಹೆಸರು ತಗದಾಗಿಂದ ಶುರು ಆತು. ಎಲ್ಲಾರೂ ಸುಳ್ಳು ಸುಳ್ಳು ಅಂದ್ರು. ಅಕ್ಟೋಬರ್ 2ಕ್ಕ ಇಬ್ಬರೂ ಸೇರಿ ಹೇಳಿಕೆ ಕೊಟ್ಟರು, ಖರೇ ಆತು. ಹಂಗಾದ್ರ ಗಾಸಿಪ್ ಬರದವರು ಸರಿ, ಕಾಯ್ರಿ ಅಂದವರು ತಪ್ಪು ಆದ್ರಲ್ಲ?

---

ರಾತ್ರಿಪಾಳಿ_ಡೆಸ್ಕ್ ಉತ್ತರ:

ಪೇಡೆ ಅವರೇ, ಒಳ್ಳೆ ಉದಾಹರಣೆ ಕೊಟ್ಟಿರಿ, ಅದನ್ನೇ ಪೂರ್ತಿ ಬಿಡಿಸೋಣ.

ಆ ಗಾಸಿಪ್‌ನಲ್ಲಿ ಎರಡು ಪದರ ಇತ್ತು. ತಿರುಳು: ಇಬ್ಬರೂ ಬೇರೆಯಾಗುತ್ತಿದ್ದಾರೆ. ಅದಕ್ಕೆ ಕಣ್ಣಿಗೆ ಕಾಣುವ ಒಂದು ಗುರುತಿತ್ತು, ಖಾತೆಯಲ್ಲಿ ಹೆಸರು ಬದಲಾದದ್ದು, ಯಾರು ಬೇಕಾದರೂ ನೋಡಬಹುದಿತ್ತು. ಸಿಪ್ಪೆ: ಯಾಕೆ ಬೇರೆಯಾದರು ಎಂಬ ಕಾರಣಗಳು. ಬೇರೆ ಸಂಬಂಧ ಇತ್ತು, ಮಕ್ಕಳು ಬೇಡ ಅಂದರು, ಗರ್ಭಪಾತ ಮಾಡಿಸಿಕೊಂಡರು ಅಂತೆಲ್ಲ ಬರೆದರು. ಅಕ್ಟೋಬರ್ 8ರಂದು ಸಮಂತಾ ಇವನ್ನೆಲ್ಲ ಅಲ್ಲಗಳೆದು ಬಹಿರಂಗವಾಗಿ ಬರೆದರು. ಕೆಲವು ಯೂಟ್ಯೂಬ್ ಚಾನೆಲ್‌ಗಳ ಮೇಲೆ ಮೊಕದ್ದಮೆ ಹೂಡಿದರು, ಅದೇ ತಿಂಗಳು ಹೈದರಾಬಾದಿನ ಕೂಕಟಪಲ್ಲಿ ನ್ಯಾಯಾಲಯ ಆ ವಿಡಿಯೊಗಳನ್ನು ತೆಗೆಯಲು ಆದೇಶಿಸಿತು. ತಿರುಳು ನಿಜವಾಯಿತು ಅಂತ ಸಿಪ್ಪೆಗೂ ಅಂಕ ಕೊಡಬಾರದು. ಬೇರೆಯಾಗುವುದು ಹತ್ತು ಜನರಿಗೆ ಗೊತ್ತಾಗಬಹುದು: ವಕೀಲರು, ಮ್ಯಾನೇಜರ್, ಮನೆ ಬದಲಿಸಲು ನೆರವಾದವರು. ಯಾಕೆ ಎಂಬುದು ಆ ಇಬ್ಬರಿಗೆ ಮಾತ್ರ ಗೊತ್ತು. ಮಲಗುವ ಕೋಣೆಯ ಜಗಳವನ್ನು ಸಂಭಾಷಣೆ ಸಮೇತ ಬರೆದಿದ್ದಾರೆ ಅಂದರೆ ಅದನ್ನು ಬರೆದವರೇ ಹೆಣೆದದ್ದು.

ವಿಚ್ಛೇದನದ ಸುದ್ದಿಯನ್ನು ಕಾನೂನಿನ ಗಡಿಯಾರದ ಜೊತೆಗೂ ಹೋಲಿಸಿ ನೋಡಬಹುದು. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಕನಿಷ್ಠ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಈ ಆರು ತಿಂಗಳನ್ನು ಸಂದರ್ಭ ನೋಡಿ ನ್ಯಾಯಾಲಯ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. "ಮೊನ್ನೆ ಪಾರ್ಟಿಯಲ್ಲಿ ಜಗಳ, ನಾಳೆ ಡಿವೋರ್ಸ್" ಎಂಬ ಕಥೆ ಈ ಲೆಕ್ಕಕ್ಕೆ ಕೂರುವುದಿಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ಇಬ್ಬರಲ್ಲಿ ಒಬ್ಬರು ಬಯಸಿದರೂ ವಿಚಾರಣೆ ಮುಚ್ಚಿದ ಬಾಗಿಲಲ್ಲೇ ನಡೆಯಬೇಕು. ಹಾಗಾಗಿ ಜೀವನಾಂಶ ಇಷ್ಟು ಕೋಟಿ ಎಂಬ ಅಂಕಿ ಕಂಡರೆ ಅದು ಯಾರ ಬಾಯಿಂದ ಬಂತು ಎಂದು ಮೊದಲು ಕೇಳಿ.

ಸಿನಿಮಾದಿಂದ ಹೊರಬಿದ್ದರು, ಸಿನಿಮಾಗೆ ಕತ್ತರಿ ಬಿತ್ತು ಎಂಬ ಸುದ್ದಿಗಳಿಗೆ ಇಷ್ಟು ಕಷ್ಟ ಇಲ್ಲ. ನಿರ್ಮಾಣ ಸಂಸ್ಥೆಯ ಖಾತೆಯಲ್ಲಿ ಹೊಸ ಪೋಸ್ಟರ್‌ನಲ್ಲಿ ಹೆಸರಿದೆಯಾ ನೋಡಿ. ಸೆನ್ಸಾರ್ ಪ್ರಮಾಣಪತ್ರದಲ್ಲಿ ದಿನಾಂಕ, ಅವಧಿ, ಪ್ರಮಾಣದ ದರ್ಜೆ ಬರೆದಿರುತ್ತದೆ. ಬಿಡುಗಡೆಗೆ ಎರಡು ಮೂರು ವಾರ ಇರುವಾಗ ನಾಯಕ ನಾಯಕಿಯ ಪ್ರೇಮದ ಗುಸುಗುಸು ಎದ್ದರೆ ಕ್ಯಾಲೆಂಡರ್ ನೋಡಿ, ಪ್ರಚಾರದವರೇ ಬಿಟ್ಟ ಗಾಳಿಪಟ ಇರಬಹುದು. ಬಿಡುಗಡೆಯಾಗಿ ಒಂದು ತಿಂಗಳಾದ ಮೇಲೂ ಹಾರುತ್ತಿದೆಯಾ ನೋಡಿದರೆ ಗೊತ್ತಾಗುತ್ತದೆ.

---

ಕರಿಕೋಟು ಉತ್ತರ:

ಕಾನೂನಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. 2024ರ ಜುಲೈ 1ಕ್ಕೆ ಮುಂಚಿನ ಕೃತ್ಯಗಳಿಗೆ ಐಪಿಸಿಯ 499 ಮತ್ತು 500. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸೆರೆ, ಅಥವಾ ದಂಡ, ಅಥವಾ ಎರಡೂ, ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಸೇರಿದೆ. ಜನ ಎರಡು ವಿಷಯದಲ್ಲಿ ತಪ್ಪು ತಿಳಿದಿದ್ದಾರೆ. ಒಂದು, "ಹೆಸರು ಹಾಕಿಲ್ಲವಲ್ಲ" ಎಂಬುದು ಗುರಾಣಿ ಅಲ್ಲ. ಊರು, ಸಿನಿಮಾ, ಗಂಡನ ವೃತ್ತಿ ಎಲ್ಲ ಹೇಳಿ ಓದಿದವರಿಗೆ ಇಂಥವರೇ ಎಂದು ಗೊತ್ತಾಗುವಂತಿದ್ದರೆ ಸಾಕು. ಎರಡು, ಕ್ರಿಮಿನಲ್ ಮೊಕದ್ದಮೆಯಲ್ಲಿ "ನಿಜವನ್ನೇ ಬರೆದೆ" ಅಂದರೆ ಸಾಲದು, ಅದನ್ನು ಪ್ರಕಟಿಸಿದ್ದರಿಂದ ಸಾರ್ವಜನಿಕ ಹಿತವಾಯಿತು ಎಂದೂ ತೋರಿಸಬೇಕು. ತೀರಿಕೊಂಡವರ ಬಗ್ಗೆ ಆಡಿದ ಮಾತೂ, ಮನೆಯವರ ಮನಸ್ಸು ನೋಯಿಸಲೆಂದೇ ಆಡಿದ್ದಾದರೆ, ಮಾನಹಾನಿಯಾಗಬಹುದು. ಫಾರ್ವರ್ಡ್ ಮಾಡುವುದೂ ಇನ್ನೊಬ್ಬರಿಗೆ ತಲುಪಿಸುವುದೇ. ಗುಂಪಿನ ಅಡ್ಮಿನ್ ಮಾತ್ರ, ಬೇರೆ ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ.

"ಲೀಕ್ ವಿಡಿಯೊ" ಕಳಿಸುವುದು ಇದಕ್ಕಿಂತ ಬಹಳ ಗಂಭೀರ. ಲೈಂಗಿಕ ದೃಶ್ಯಗಳನ್ನು ಇಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಂ, ಮೊದಲ ಸಲಕ್ಕೇ ಐದು ವರ್ಷದವರೆಗೆ ಸೆರೆ, 10 ಲಕ್ಷದವರೆಗೆ ದಂಡ. ಅಸಲಿಯೋ ಡೀಪ್‌ಫೇಕೋ ಎಂದು ನೋಡಲು ಸ್ನೇಹಿತರಿಗೆ ಕಳಿಸುವುದೂ ಕಳಿಸುವುದೇ. ಆ ಲಿಂಕ್‌ಗಳಲ್ಲಿ ಎಷ್ಟೋ ವಿಡಿಯೊನೇ ಇರುವುದಿಲ್ಲ, ಫೋನಿಗೆ ಕಳ್ಳ ಆ್ಯಪ್ ಇಳಿಸುವ ಬಲೆ ಇರುತ್ತದೆ. ತೆರೆಯಬೇಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಅಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಸಲ್ಲಿಸಬಹುದು.

ಸುಳ್ಳು ಬಿತ್ತಿದವರ ಮೇಲೆ ದೂರು ಎಲ್ಲಿ? ಸುದ್ದಿ ಪೋರ್ಟಲ್ ಆದರೆ 2021ರ ನಿಯಮದಂತೆ ಅವರಲ್ಲಿ ಕುಂದುಕೊರತೆ ಅಧಿಕಾರಿ ಇರಲೇಬೇಕು, 15 ದಿನದಲ್ಲಿ ತೀರ್ಮಾನ ತಿಳಿಸಬೇಕು. ಟಿ.ವಿ. ಚಾನೆಲ್ ಆದರೆ ಪ್ರಸಾರವಾದ 7 ದಿನದೊಳಗೆ ಚಾನೆಲ್‌ಗೇ ಬರೆಯಿರಿ, ದಿನಾಂಕ, ಗಂಟೆ, ಕಾರ್ಯಕ್ರಮದ ಹೆಸರು ಹಾಕಿ. ಅವರ ಉತ್ತರ ಸಮಾಧಾನ ತರದಿದ್ದರೆ ಆ ಚಾನೆಲ್ ಯಾವ ಸ್ವಯಂ ನಿಯಂತ್ರಣ ಸಂಸ್ಥೆಯ ಸದಸ್ಯ ಎಂದು ನೋಡಿ ಅಲ್ಲಿಗೆ ಹೋಗಬೇಕು. ಅಚ್ಚಿನ ಪತ್ರಿಕೆಗೆ ಭಾರತೀಯ ಪತ್ರಿಕಾ ಮಂಡಳಿ, ಅದು ಛೀಮಾರಿ ಹಾಕಬಲ್ಲದು, ದಂಡ ಹಾಕಲಾರದು. ಯೂಟ್ಯೂಬ್‌ನ ಅನಾಮಧೇಯ ಚಾನೆಲ್‌ಗಳ ಮೇಲೆ ನ್ಯಾಯಾಲಯವೇ ಗತಿ. 2023ರ ಏಪ್ರಿಲ್‌ನಲ್ಲಿ, ನಟಿ ಐಶ್ವರ್ಯಾ ರೈ ಮಗಳು, ಆಗಿನ್ನೂ 11 ವರ್ಷದ ಆರಾಧ್ಯ ಬಚ್ಚನ್ ಪರವಾಗಿ ಹೋದ ಅರ್ಜಿಯಲ್ಲಿ ದೆಹಲಿ ಹೈಕೋರ್ಟ್ ಆ ಮಗುವಿನ ಆರೋಗ್ಯದ ಬಗ್ಗೆ ಹರಡಿದ್ದ ಸುಳ್ಳು ವಿಡಿಯೊಗಳನ್ನು ತೆಗೆಯಲು ಗೂಗಲ್‌ಗೆ ಆದೇಶಿಸಿತು. ಮಗು ಸತ್ತೇ ಹೋಯಿತು ಎಂದು ವಿಡಿಯೊ ಮಾಡಿದವರೂ ಇದ್ದರು.

ಹಳೆಯ ವಾರಪತ್ರಿಕೆಗಳ ಬಗ್ಗೆ ಕೇಳಿದ್ದೀರಿ. ಅವುಗಳ ಗಾಸಿಪ್ ಹೆಚ್ಚು ಸತ್ಯವಾಗಿತ್ತು ಎಂದು ನಾನು ಹೇಳಲಾರೆ. ಆದರೆ ಕೊನೆಯ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಯಾವ ಮುದ್ರಣಾಲಯ ಎಂದು ಅಚ್ಚಾಗಿರುತ್ತಿತ್ತು, 1867ರ ಕಾಯ್ದೆಯೇ ಅದನ್ನು ಕಡ್ಡಾಯ ಮಾಡಿತ್ತು. ನೋಟಿಸ್ ಕಳಿಸಲು ಒಂದು ವಿಳಾಸ ಇತ್ತು. ಈಗಿನ ಪೇಜುಗಳಲ್ಲಿ ಬಹುಪಾಲಿಗೆ ಅದೂ ಇಲ್ಲ. ಯಾವುದೇ ಸೈಟ್ ತೆರೆದಾಗ ತಳಕ್ಕೆ ಹೋಗಿ "ನಮ್ಮ ಬಗ್ಗೆ", "ಸಂಪರ್ಕ" ನೋಡಿ. ಸಂಪಾದಕರ ಹೆಸರು, ವಿಳಾಸ ಎರಡೂ ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ.

---

ಹಳೇ_ರೀಲು ಉತ್ತರ:

ಒಂದು ಮಾತು ಸೇರಿಸುತ್ತೇನೆ. ವದಂತಿಗೆ ಆಯುಷ್ಯ ಬಹಳ. 1973ರ "ಗಂಧದ ಗುಡಿ" ಚಿತ್ರೀಕರಣದಲ್ಲಿ ಬಂದೂಕಿನೊಳಗೆ ನಿಜವಾದ ಗುಂಡಿತ್ತು ಎಂಬ ಮಾತು ವಿಷ್ಣುವರ್ಧನ್ ಅವರನ್ನು ದಶಕಗಳ ಕಾಲ ಬಿಡಲಿಲ್ಲ, ಅವರ ಮತ್ತು ರಾಜ್‌ಕುಮಾರ್ ಅವರ ಅಭಿಮಾನಿ ಬಳಗಗಳ ನಡುವೆ ಗೋಡೆ ಕಟ್ಟಿತು. ಆಗ ಇಂಟರ್ನೆಟ್ ಇರಲಿಲ್ಲ, ಬಾಯಿಂದ ಬಾಯಿಗೇ ಹೋದದ್ದು. ಪುನೀತ್ ಹೋದ ಮೇಲೆ ಅವರನ್ನು ಮೊದಲು ನೋಡಿದ ವೈದ್ಯರ ಮೇಲೆ ಎದ್ದ ಅನುಮಾನದ ಮಾತುಗಳಿಂದ ಆ ವೈದ್ಯರ ಮನೆಗೂ ಕ್ಲಿನಿಕ್‌ಗೂ ಪೊಲೀಸ್ ಕಾವಲು ಹಾಕಬೇಕಾಯಿತು. ಗಾಸಿಪ್ ಬರೀ ಸ್ಟಾರ್‌ಗಳಿಗೆ ತಾಕುತ್ತದೆ ಅಂದುಕೊಳ್ಳಬೇಡಿ. ಪಕ್ಕದಲ್ಲಿ ನಿಂತ ಸಾಮಾನ್ಯ ಜನಕ್ಕೆ ಹೆಚ್ಚು ತಾಕುತ್ತದೆ, ಅವರಿಗೆ ಪಿ.ಆರ್. ತಂಡ ಇರುವುದಿಲ್ಲ.

---

ಮಲ್ಲಿಗೆಹಂಬು ಉತ್ತರ:

ಎಲ್ಲರಿಗೂ ತುಂಬಾ ಧನ್ಯವಾದ. "ಯಾರು ಅಂದಿದ್ದು" ಪರೀಕ್ಷೆಯನ್ನು ಮೂರು ಸುದ್ದಿಗಳ ಮೇಲೆ ಮಾಡಿ ನೋಡಿದೆ, ಮೂರೂ ಎರಡನೇ ಸಾಲಿಗೇ ನಿಂತವು. ಕೊನೆಯದಾಗಿ ಒಂದು ಸಂದೇಹ. ಸುಳ್ಳು ಸಾವಿನ ಸುದ್ದಿ ಈಗಾಗಲೇ ಗುಂಪಿಗೆ ಹೋಗಿಬಿಟ್ಟಿದ್ದರೆ ಏನು ಮಾಡಬೇಕು?

---

ಪಿಕ್ಸೆಲ್_ಶೋಧ ಉತ್ತರ:

ಕಳಿಸಿದವರೇ ಆಗಿದ್ದರೆ ಮೊದಲು "ಡಿಲೀಟ್ ಫಾರ್ ಎವೆರಿಒನ್". ವಾಟ್ಸಾಪ್‌ನಲ್ಲಿ ಅದಕ್ಕೆ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಸಮಯ ಇದೆ, ಆಮೇಲೆ ನಿಮ್ಮ ಫೋನಿನಿಂದ ಮಾತ್ರ ಅಳಿಯುತ್ತದೆ, ಗುಂಪಿನಲ್ಲಿ ಉಳಿಯುತ್ತದೆ. ಅಳಿಸಿ ಸುಮ್ಮನಾಗಬೇಡಿ, ಅಷ್ಟರಲ್ಲಿ ಓದಿದವರು ಇರುತ್ತಾರೆ. ಅದೇ ಗುಂಪಿನಲ್ಲಿ ನೇರವಾಗಿ ಬರೆಯಿರಿ: "ಇಂಥ ನಟರು ಕ್ಷೇಮವಾಗಿದ್ದಾರೆ. ಮನೆಯವರು ಇವತ್ತು ಇಷ್ಟು ಗಂಟೆಗೆ ಹೇಳಿದ್ದಾರೆ. ಮೊದಲು ನಾನು ಕಳಿಸಿದ್ದು ತಪ್ಪು." ಕ್ಷೇಮ ಎಂಬ ಮಾತು ಮೊದಲು ಬರಲಿ. "ತೀರಿಕೊಂಡರು ಎಂಬುದು ಸುಳ್ಳು" ಅಂತ ಶುರು ಮಾಡಿದರೆ ನೋಟಿಫಿಕೇಶನ್‌ನಲ್ಲಿ "ತೀರಿಕೊಂಡರು" ಅಷ್ಟೇ ಕಾಣುತ್ತದೆ, ಅಷ್ಟನ್ನೇ ಓದಿ ಇನ್ನೊಬ್ಬರು ಕಳಿಸುತ್ತಾರೆ. ಹಾರ ಹಾಕಿದ ಆ ಫೋಟೊವನ್ನು "ಫೇಕ್" ಅಂತ ಬರೆದು ಮತ್ತೆ ಹಾಕಬೇಡಿ.

ಬೇರೆಯವರು ಕಳಿಸಿದ್ದಾದರೆ ಸಂದೇಶದ ಮೇಲಿನ ಬಾಣದ ಗುರುತು ನೋಡಿ. ಒಂದು ಬಾಣ ಇದ್ದರೆ ಅವರು ಎಲ್ಲಿಂದಲೋ ಫಾರ್ವರ್ಡ್ ಮಾಡಿದ್ದು. ಎರಡು ಬಾಣ ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು, ಅವರಿಗೂ ಮೂಲ ಗೊತ್ತಿಲ್ಲ. ಅವರನ್ನು ಗುಂಪಿನ ಮುಂದೆ ಬೈಯಬೇಡಿ, ಪಕ್ಕದಲ್ಲಿ ಒಂದು ಮೆಸೇಜ್ ಹಾಕಿ, ಅವರೇ ಅಳಿಸುತ್ತಾರೆ.